ಜೀವಶಾಸ್ತ್ರದ ವಿದ್ಯಾರ್ಥಿಗಳಿಗೊಂದು ಬಹಿರಂಗ ಪತ್ರ

ಪ್ರಿಯ ವಿದ್ಯಾರ್ಥಿ ವಿದ್ಯಾರ್ಥಿನಿಯರೆ,

ಪದವಿಪೂರ್ವ ತರಗತಿಯಲ್ಲಿ ಜೀವಶಾಸ್ತ್ರವನ್ನು ಆರಿಸಿಕೊಂಡು, ಎರಡು ವರ್ಷ ಹಗಲಿರುಳು ಓದಿ, ವೈದ್ಯಕೀಯ ಪ್ರವೇಶಕ್ಕೆಂದು ನೀಟ್ ಪರೀಕ್ಷೆಯನ್ನು ಬರೆದು, ಫಲಿತಾಂಶದ ಪಟ್ಟಿಯಲ್ಲಿ ನಿಮ್ಮ ಸ್ಥಾನವು ಬಹು ಕೆಳಗಿರುವುದನ್ನು ಕಂಡು, ಈಗ ಮನೆಯವರ ಮುಖವನ್ನು ನೇರವಾಗಿ ನೋಡಲಾರದೆ ಕುಳಿತಿರುವ ನಿಮ್ಮನ್ನು ಉದ್ದೇಶಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಸಸ್ಯಶಾಸ್ತ್ರವನ್ನು ಬೋಧಿಸುತ್ತಲೇ ಆಯುಷ್ಯದ ಬಹುಭಾಗವನ್ನು ಕಳೆದವನಾದುದರಿಂದ, ನಿಮ್ಮ ಹೆಸರುಗಳನ್ನರಿಯದಿದ್ದರೂ ನಿಮ್ಮ ಸ್ಥಿತಿಯನ್ನು ಬಲ್ಲೆನು. “ಡಾಕ್ಟರ್ ಸೀಟು ಸಿಗಲಿಲ್ಲ, ಇನ್ನು ಬಯಾಲಜಿ ಓದಿ ಏನು ಮಾಡುವುದು?” ಎಂಬ ಪ್ರಶ್ನೆಯು ಪ್ರತಿ ಮುಂಗಾರಿನಲ್ಲಿಯೂ ಕಾಲೇಜಿನ ಪಡಸಾಲೆಯಲ್ಲಿ ಕೇಳಿಬರುವಂಥದು. 2024ರಲ್ಲಿ ಈ ಪರೀಕ್ಷೆಗೆ ಕುಳಿತವರು ದೇಶದಾದ್ಯಂತ 23 ಲಕ್ಷಕ್ಕೂ ಮಿಕ್ಕಿದ್ದರು, ಎಂ.ಬಿ.ಬಿ.ಎಸ್. ಸ್ಥಾನಗಳಾದರೋ ಒಂದು ಲಕ್ಷದ ಮೇಲೆ ಕೆಲವು ಸಾವಿರ ಮಾತ್ರ. ಇಷ್ಟು ದೊಡ್ಡ ಸಂಖ್ಯೆಯನ್ನು ಅಷ್ಟು ಚಿಕ್ಕ ಸಂಖ್ಯೆಯೊಳಗೆ ತುಂಬಲು ಯಾವ ವಿದ್ಯೆಯಿಂದಲೂ ಸಾಧ್ಯವಿಲ್ಲವೆಂಬುದು ಸರ್ವವಿದಿತವಾಗಿದ್ದರೂ, ಹೊರಗುಳಿದ ಪ್ರತಿಯೊಬ್ಬನೂ ಅದನ್ನು ತನ್ನೊಬ್ಬನ ಅಯೋಗ್ಯತೆಯೆಂದೇ ಭಾವಿಸಿ ಕೊರಗುವನಲ್ಲ, ಅದು ನನಗೆ ಖೇದವನ್ನುಂಟುಮಾಡುವ ಸಂಗತಿ.

ನಿಮ್ಮನ್ನು ಸಮಾಧಾನಪಡಿಸುವುದು ನನ್ನ ಉದ್ದೇಶವಲ್ಲ. ಸಮಾಧಾನದ ಮಾತುಗಳನ್ನು ನಿಮ್ಮ ಸೋದರಮಾವಂದಿರು ಈಗಾಗಲೇ ಸಾಕಷ್ಟು ಹೇಳಿರುತ್ತಾರೆ. ನಾನು ಹೇಳಬೇಕೆಂದಿರುವುದು ಇಷ್ಟೆ: ವೈದ್ಯವೃತ್ತಿಯು ಜೀವವಿಜ್ಞಾನವೆಂಬ ವಿಶಾಲ ವೃಕ್ಷದ ಒಂದು ಕೊಂಬೆ, ಮಿಕ್ಕ ಕೊಂಬೆಗಳಲ್ಲಿ ಯಾವುದನ್ನು ಹಿಡಿಯಬೇಕೆಂಬುದನ್ನು ಪದವಿಯ ಹೆಸರನ್ನು ನೋಡಿ ನಿಶ್ಚಯಿಸದೆ, ಆ ವೃತ್ತಿಯಲ್ಲಿ ಮನುಷ್ಯನು ಬೆಳಗಿನಿಂದ ಸಂಜೆಯವರೆಗೆ ಕಣ್ಣಿನಿಂದ ಏನನ್ನು ನೋಡುತ್ತಾನೆ, ಕೈಯಿಂದ ಏನನ್ನು ಮಾಡುತ್ತಾನೆ ಎಂಬುದನ್ನು ವಿಚಾರಿಸಿ ನಿಶ್ಚಯಿಸಿಕೊಳ್ಳಬೇಕು. ಈ ಮಾತು ಅಮೂರ್ತವಾಗಿ ತೋರಬಹುದಾದ್ದರಿಂದ, ನಮ್ಮ ನಾಡಿನಲ್ಲಿಯೇ ನಡೆದ ಒಂದು ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿಯೇ ನಿರೂಪಿಸುತ್ತೇನೆ.

1957ರ ಆದಿಭಾಗದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಮುಸಿಯಗಳೂ ಸತ್ತವು, ಕೆಂಪುಮುಖದ ಮಂಗಗಳೂ ಸತ್ತವು. ಸೌದೆಗೆಂದೂ ದರಗಿಗೆಂದೂ ಕಾಡಿಗೆ ಹೋಗಿಬಂದ ಜನರು ವಿಪರೀತ ಜ್ವರದಿಂದ ಮಲಗಿದರು. ಅವರಲ್ಲಿ ಕೆಲವರು ಏಳಲಿಲ್ಲ. ಊರವರು ಅದಕ್ಕೆ ಮಂಗನ ಕಾಯಿಲೆಯೆಂದು ಹೆಸರಿಟ್ಟರು. ವಿಜ್ಞಾನಿಗಳು ಆ ಕಾಡಿನ ಹೆಸರನ್ನೇ ಲೋಕದ ವೈದ್ಯಗ್ರಂಥಗಳಲ್ಲಿ ಸೇರಿಸಿದರು. ರಾಕ್‌ಫೆಲರ್ ಪ್ರತಿಷ್ಠಾನದ ಸಹಯೋಗದಿಂದ 1952ರಲ್ಲಿ ಪುಣೆಯಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿದಾಗ ಅಲ್ಲಿಯವರು ತ್ವರೆಪಟ್ಟುದಕ್ಕೆ ಕಾರಣವಿತ್ತು: ದಕ್ಷಿಣ ಅಮೆರಿಕದ ಅರಣ್ಯಗಳಲ್ಲಿ ಮಂಗಗಳು ಹೀಗೆ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆಯೆಂದು ಎಣಿಸುವ ವಾಡಿಕೆಯುಂಟು, ಭಾರತವನ್ನು ಅದುವರೆಗೆ ಸೋಂಕದಿದ್ದ ಆ ವ್ಯಾಧಿಯು ಕೊನೆಗೂ ಬಂದಿತೇನೋ ಎಂಬ ಭೀತಿಯು ಅವರನ್ನು ಆವರಿಸಿತ್ತು.

ಬಂದುದು ಹಳದಿ ಜ್ವರವಾಗಿರಲಿಲ್ಲ. ರೋಗಿಗಳ ರಕ್ತದಿಂದಲೂ ಸತ್ತ ಮಂಗಗಳ ಅವಯವಗಳಿಂದಲೂ ಬೇರ್ಪಡಿಸಿದ ವೈರಸ್ಸು ರಷ್ಯದ ಕಾಡುಗಳಲ್ಲಿ ಉಣುಗುಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧುವೆಂದು ಪ್ರಯೋಗಶಾಲೆಯಲ್ಲಿ ಗೊತ್ತಾಯಿತು. ಇಲ್ಲಿಗೆ ವೈದ್ಯನ ಕೆಲಸವೂ ವೈರಸ್ ವಿಜ್ಞಾನಿಯ ಕೆಲಸವೂ ಒಂದು ಘಟ್ಟವನ್ನು ಮುಟ್ಟಿದವು. ನಿಜವಾದ ಶೋಧನೆಯು ಅನಂತರ ಆರಂಭವಾಯಿತು. ಉಣುಗುಗಳಾದರೆ ಯಾವ ಉಣುಗು? ಕಾಡಿನಲ್ಲಿ ಅನೇಕ ಜಾತಿಗಳಿವೆ. ಒಂದೊಂದು ಜಾತಿಗೂ ಆರು ಕಾಲಿನ ಮರಿ, ಎಂಟು ಕಾಲಿನ ಎಳೆಯ ಉಣುಗು, ಬೆಳೆದ ಉಣುಗು ಎಂಬ ಮೂರು ಅವಸ್ಥೆಗಳಿವೆ. ಸಾಸಿವೆಗಿಂತಲೂ ಸಣ್ಣದಾದ ಮರಿಯನ್ನು ನೋಡಿ ಇದು ಇಂಥ ಜಾತಿಯದೆಂದು ಹೇಳಬಲ್ಲ ಗ್ರಂಥವೇ ಆಗ ಇರಲಿಲ್ಲ. ಆದಕಾರಣ ಗ್ರಂಥವನ್ನೇ ಬರೆಯಬೇಕಾಯಿತು. ಹೆರಾಲ್ಡ್ ಟ್ರಾಪಿಡೊ ಎಂಬ ಪ್ರಾಣಿಶಾಸ್ತ್ರಜ್ಞನು ಭಾರತೀಯ ಸಹೋದ್ಯೋಗಿಗಳೊಡನೆ ಕೂಡಿ, ದಕ್ಷಿಣ ಭಾರತದ ಹೀಮಫೈಸಾಲಿಸ್ ಕುಲದ ಉಣುಗುಗಳನ್ನು ಎಲ್ಲ ಅವಸ್ಥೆಗಳಲ್ಲಿಯೂ ಗುರುತಿಸಲು ನೆರವಾಗುವ ಕೈಪಿಡಿಯನ್ನು 1964ರಲ್ಲಿ ಪ್ರಕಟಿಸಿದನು. ಹೀಮಫೈಸಾಲಿಸ್ ಸ್ಪಿನಿಜೆರ ಎಂಬ ಜಾತಿಯೇ ಮುಖ್ಯ ವಾಹಕವೆಂದು ಸಿದ್ಧವಾಯಿತು. ನಿಮ್ಮ ಪಠ್ಯಪುಸ್ತಕದಲ್ಲಿ ವರ್ಗೀಕರಣದ ಅಧ್ಯಾಯವನ್ನು ಓದುವಾಗ ನಿದ್ರೆ ಬಂದಿದ್ದರೆ ನಿಮ್ಮನ್ನು ದೂಷಿಸಲಾರೆ, ಅದನ್ನು ನಾವು ಪಾಠ ಮಾಡುವ ರೀತಿಯೇ ಹಾಗಿದೆ. ಆದರೆ ಆ ಅಧ್ಯಾಯದ ವಿದ್ಯೆಯನ್ನು ಬಲ್ಲವನಿಲ್ಲದೆ ಕ್ಯಾಸನೂರಿನಲ್ಲಿ ಒಂದು ಹೆಜ್ಜೆಯನ್ನೂ ಮುಂದಿಡಲು ಸಾಧ್ಯವಿರಲಿಲ್ಲವೆಂಬುದನ್ನು ಗಮನಿಸಿರಿ.

ಮುಂದೆ ಎಷ್ಟು ಬಗೆಯ ಜನರು ಬೇಕಾದರು ನೋಡಿ. ಬಿಳಿಯ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗಿ, ಅದಕ್ಕೆ ಹತ್ತಿದ ಉಣುಗುಗಳನ್ನು ಇಕ್ಕುಳದಿಂದ ಒಂದೊಂದಾಗಿ ಆರಿಸಿ ಸೀಸೆಗೆ ಹಾಕುವವರು ಬೇಕಾದರು. ಬೆಳೆದ ಉಣುಗು ದನಗಳ ಮೈಮೇಲೆ ರಕ್ತ ಹೀರಿ ಮೊಟ್ಟೆಯಿಡುವುದರಿಂದ, ಕಾಡಿನಂಚಿನಲ್ಲಿ ಮೇಯುವ ದನಗಳೇ ಉಣುಗಿನ ವೃದ್ಧಿಗೆ ಹೇಗೆ ಕಾರಣವಾಗುತ್ತವೆಂಬುದನ್ನು ತಿಳಿಯಲು ಪಶುವೈದ್ಯರು ಬೇಕಾದರು. ಇಲಿ ಹೆಗ್ಗಣ ಮೂಗಿಲಿಗಳನ್ನು ಬೋನು ಹಾಕಿ ಹಿಡಿದು ಅವುಗಳ ರಕ್ತವನ್ನು ಪರೀಕ್ಷಿಸಲು ಸಸ್ತನಿಗಳನ್ನು ಬಲ್ಲವರು ಬೇಕಾದರು. ಮಂಗಗಳ ಹಿಂಡು ದಿನಕ್ಕೆ ಎಷ್ಟು ದೂರ ಸಂಚರಿಸುತ್ತದೆ, ಯಾವ ಮರದಲ್ಲಿ ತಂಗುತ್ತದೆ ಎಂಬುದನ್ನು ತಿಂಗಳುಗಟ್ಟಲೆ ಬೆನ್ನುಹತ್ತಿ ಬರೆದುಕೊಳ್ಳುವ ತಾಳ್ಮೆಯವರು ಬೇಕಾದರು. ಇಲ್ಲಿಯ ವೈರಸ್ಸು ರಷ್ಯದ ವೈರಸ್ಸಿನ ಬಂಧುವಾಗಿದ್ದರಿಂದ, ಅದು ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳ ಮೈಮೇಲಿನ ಉಣುಗುಗಳ ಮೂಲಕ ಬಂದಿರಬಹುದೇ ಎಂಬ ಸಂಶಯವೂ ಹುಟ್ಟಿತು. ಸಾಲಿಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು, ವಿಶ್ವ ಆರೋಗ್ಯ ಸಂಸ್ಥೆಯ ಧನಸಹಾಯದಿಂದ, 1959ರಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಿ ಅವುಗಳ ಹಾದಿಯನ್ನರಿಯುವ ಯೋಜನೆಯನ್ನು ಕೈಗೊಂಡುದರ ಹಿನ್ನೆಲೆಯಲ್ಲಿ ಈ ಸಂಶಯವಿತ್ತು. ಸಂಶಯವು ಸಿದ್ಧವಾಗಲಿಲ್ಲ. ಆದರೆ ಭಾರತಕ್ಕೆ ಬರುವ ವಲಸೆಹಕ್ಕಿಗಳ ವಿಷಯದಲ್ಲಿ ನಾವು ಇಂದು ಅರಿತಿರುವುದರಲ್ಲಿ ಬಹುಪಾಲು ಆ ಪ್ರಯತ್ನದ ಫಲ. ಒಂದು ರೋಗವನ್ನು ಹುಡುಕಹೊರಟು ಒಂದು ಶಾಸ್ತ್ರವೇ ಬೆಳೆಯಿತು.

ಇಷ್ಟಕ್ಕೇ ಮುಗಿಯಿತೆಂದು ತಿಳಿಯಬೇಡಿ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಗೇರುತೋಪನ್ನು ಮಾಡಲೆಂದು ಕಾಡನ್ನು ಸವರಿದ ಬಳಿಕ ಈ ರೋಗವು ಅಲ್ಲಿ ಹಿಂದೆಂದೂ ಕಾಣದ ಉಗ್ರತೆಯಿಂದ ಎರಗಿತು. ಅರಣ್ಯದ ನಾಶಕ್ಕೂ ರೋಗದ ಪ್ರಸಾರಕ್ಕೂ ಇರುವ ನಂಟನ್ನು ಬಿಡಿಸುವುದು ಪರಿಸರವಿಜ್ಞಾನಿಯ ಪಾಲಿಗೆ ಬಂದಿತು. ಇಂದಿಗೂ ಬೇಸಿಗೆ ಬಂದರೆ ಅರಣ್ಯ ಕಾವಲುಗಾರನು ಸತ್ತ ಮಂಗವನ್ನು ಕಂಡು ವರದಿ ಮಾಡುತ್ತಾನೆ, ಶಿವಮೊಗ್ಗದ ಪ್ರಯೋಗಾಲಯದ ತಂತ್ರಜ್ಞೆಯು ಮಾದರಿಯನ್ನು ಯಂತ್ರಕ್ಕೊಡ್ಡಿ ವೈರಸ್ಸಿನ ಸುಳಿವನ್ನು ಹುಡುಕುತ್ತಾಳೆ, ಆಶಾ ಕಾರ್ಯಕರ್ತೆಯು ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳುವ ತೈಲವನ್ನು ಹಂಚುತ್ತಾಳೆ, ಎಲ್ಲಿಯೋ ಒಬ್ಬನು ಗಣಕದ ಮುಂದೆ ಕುಳಿತು ಯಾವ ಊರಿನಲ್ಲಿ ಎಷ್ಟು ಎಂದು ನಕ್ಷೆ ಬರೆಯುತ್ತಾನೆ, ಮತ್ತೊಬ್ಬಳು ಹಳೆಯ ಲಸಿಕೆಗಿಂತ ಉತ್ತಮವಾದುದೊಂದನ್ನು ರೂಪಿಸಲು ಹೆಣಗುತ್ತಾಳೆ. ಇವರಲ್ಲಿ ಎಂ.ಬಿ.ಬಿ.ಎಸ್. ಓದಿದವರೆಷ್ಟು ಮಂದಿ ಎಂದು ನೀವೇ ಎಣಿಸಿಕೊಳ್ಳಿ. ನೀವು ಈ ಸಾಲಿನಲ್ಲಿ ಯಾರಾಗಬಲ್ಲಿರಿ? ಬಿಸಿಲಿನಲ್ಲಿ ಬಟ್ಟೆ ಎಳೆಯುತ್ತ ನಡೆಯುವುದು ನಿಮಗೆ ಸಹ್ಯವೋ, ತಂಪಾದ ಕೋಣೆಯಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕುಳಿತಿರುವುದು ಸಹ್ಯವೋ, ಅಂಕಿಗಳ ನಡುವೆ ಕ್ರಮವನ್ನು ಹುಡುಕುವುದೋ, ಊರವರೊಡನೆ ಮಾತಾಡಿ ಅವರನ್ನು ಒಪ್ಪಿಸುವುದೋ? ಈ ಪ್ರಶ್ನೆಗೆ ಉತ್ತರ ದೊರೆತರೆ ಯಾವ ಪದವಿಗೆ ಸೇರಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಮಲೆನಾಡನ್ನು ಬಿಡುವ ಮೊದಲು ಮತ್ತೊಬ್ಬನನ್ನು ನೆನೆಯಬೇಕು. ಅಡಕೆಯ ಕೊಳೆರೋಗವನ್ನು ಅರಿಯದ ತೋಟಿಗರಿಲ್ಲ. ಮಳೆಗಾಲದಲ್ಲಿ ಕಾಯಿಗಳು ಕೊಳೆತು ಉದುರುವುದನ್ನು ತಡೆಯಲು ಹಿಂದಿನವರು ಗೊನೆಗೊನೆಗೂ ಕೊಟ್ಟೆ ಕಟ್ಟುತ್ತಿದ್ದರು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಕೀಟ ಮತ್ತು ಶಿಲೀಂಧ್ರಗಳ ತಜ್ಞನಾಗಿ ಬಂದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಎಂಬಾತನು, ಆ ರೋಗವನ್ನು ಉಂಟುಮಾಡುವ ಸೂಕ್ಷ್ಮಜೀವಿಯನ್ನು ಪರಿಶೀಲಿಸಿ 1910ರಲ್ಲಿ ವರದಿಯನ್ನು ಪ್ರಕಟಿಸಿದನು. ಮೈಲುತುತ್ತ ಮತ್ತು ಸುಣ್ಣವನ್ನು ಬೆರೆಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮುಂಚೆಯೇ ಗೊನೆಗಳಿಗೆ ಸಿಂಪಡಿಸಬೇಕೆಂದು ತೋರಿಸಿಕೊಟ್ಟನು. ಶತಮಾನ ಕಳೆದ ಮೇಲೂ ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣವೆಂಬ ಲೆಕ್ಕದಲ್ಲಿ ಅದೇ ಮದ್ದನ್ನು ಕೊನೆಗೌಡನು ಮರವೇರಿ ಹೊಡೆಯುತ್ತಿದ್ದಾನೆ. ಕೋಲ್ಮನ್ನನು ಅನಂತರ ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕನಾಗಿ ಹೆಬ್ಬಾಳದಲ್ಲಿ ಕೃಷಿಶಾಲೆಯನ್ನು ಬೆಳೆಸಿದನು. ಸಸ್ಯರೋಗಶಾಸ್ತ್ರವೆಂದರೆ ಗಿಡಗಳ ವೈದ್ಯವೇ ಸರಿ. ಆ ವೈದ್ಯರಿಗೆ ನಮ್ಮಲ್ಲಿ ಬೋರ್ಡು ಹಾಕಿಕೊಳ್ಳುವ ಸಂಪ್ರದಾಯವಿಲ್ಲ, ಅಷ್ಟೆ.

ರೋಗವನ್ನು ತಡೆಯುವುದು ಒಂದು ಬಗೆಯ ಶ್ರಮವಾದರೆ, ಹೊಸ ತಳಿಯನ್ನು ಸೃಷ್ಟಿಸುವುದು ಬೇರೆಯೇ ಬಗೆಯದು. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರನ್ನು ರೈತರು ರಾಗಿ ಲಕ್ಷ್ಮಣಯ್ಯನೆಂದೇ ಕರೆದರು. ರಾಗಿಯ ಹೂವನ್ನು ನೀವು ಕಂಡಿದ್ದೀರೋ ಇಲ್ಲವೋ. ಕಂಡಿದ್ದರೂ ಅದು ಹೂವೆಂದು ತಿಳಿದಿರಲಾರಿರಿ, ಅಷ್ಟು ಚಿಕ್ಕದು. ಇರುಳಿನ ಕೊನೆಯ ಜಾವದಲ್ಲಿ ಅರಳುವ ಆ ಹೂವು ತನ್ನ ಪರಾಗದಿಂದ ತನ್ನನ್ನೇ ಫಲಿತಗೊಳಿಸಿಕೊಳ್ಳುತ್ತದೆ. ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಶಲಾಕೆಗೆ ಮುಟ್ಟಿಸಬೇಕೆಂದರೆ ಅದಕ್ಕೆ ಮೊದಲೇ ಅದರ ಕೇಸರಗಳನ್ನು ತೆಗೆಯಬೇಕು, ಮನುಷ್ಯನ ಬೆರಳಿಗೆ ಅದು ಎಟಕುವಂತಿಲ್ಲ. ಈ ಕಾರಣದಿಂದಲೇ ರಾಗಿಯ ಸಂಕರವು ದುಸ್ಸಾಧ್ಯವೆಂದು ಬಹುಕಾಲ ಕೈಬಿಟ್ಟಿದ್ದರು. ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಕರವನ್ನು ಸಾಧಿಸಿ, ಎರಡು ನಾಡುಗಳ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಇಂಡಾಫ್’ ಎಂದು ಹೆಸರಿಸಿದ ತಳಿಗಳನ್ನು 1970ರ ದಶಕದಲ್ಲಿ ರೈತರ ಕೈಗಿತ್ತರು. ಮಳೆಯನ್ನೇ ನಂಬಿದ ಹೊಲಗಳಲ್ಲಿ ರಾಗಿಯ ಇಳುವರಿಯು ಏರಿತು. ಮೈಸೂರು ಸೀಮೆಯ ಬಡವನ ತಟ್ಟೆಗೆ ಇವರಷ್ಟು ಮುದ್ದೆಯನ್ನು ಹೆಚ್ಚಿಸಿದ ರಾಜಕಾರಣಿ ಯಾರಿದ್ದಾರೆಂದು ಯಾರಾದರೂ ಹೇಳಲಿ. ಆದರೂ ನಮ್ಮ ಮಕ್ಕಳು ತಳಿವಿಜ್ಞಾನವೆಂದರೆ ಮೆಂಡೆಲನ ಬಟಾಣಿಯೆಂದು ಬರೆದು ಅಂಕ ಪಡೆಯುತ್ತಾರೆ. ಇಂಡಾಫ್ ಹೆಸರನ್ನು ಕೇಳಿರುವುದಿಲ್ಲ.

ತಳಿ ಬೆಳೆಸುವವನಿಗೆ ಒಂದು ಗುಣವು ಅತ್ಯಾವಶ್ಯಕ: ಇಂದು ಬಿತ್ತಿದುದರ ಫಲವನ್ನು ಹತ್ತು ವರ್ಷಗಳ ತರುವಾಯ ಕಾಣುವೆನೆಂಬ ಧೈರ್ಯ. ಆ ಧೈರ್ಯವಿಲ್ಲದವರು ಬೇಸರಪಡಬೇಕಾಗಿಲ್ಲ. ದಿನದ ಕೆಲಸವು ದಿನಕ್ಕೇ ಮುಗಿಯುವ ವೃತ್ತಿಗಳೂ ಈ ಶಾಸ್ತ್ರದಲ್ಲಿ ಹೇರಳವಾಗಿವೆ. ರೇಷ್ಮೆಯ ಬಿತ್ತನೆ ಕೋಠಿಯೊಂದಕ್ಕೆ ಹೋಗಿ ನೋಡಿ. ಮೊಟ್ಟೆಯಿಟ್ಟು ಮುಗಿಸಿದ ತಾಯಿಚಿಟ್ಟೆಗಳನ್ನು ಅರೆದು, ಆ ರಸದ ಒಂದು ಹನಿಯನ್ನು ಗಾಜಿನ ಮೇಲೆ ಸವರಿ, ಸೂಕ್ಷ್ಮದರ್ಶಕದಡಿಯಲ್ಲಿ ಗಂಟುರೋಗದ ಬೀಜಾಣುಗಳಿವೆಯೇ ಎಂದು ಪರೀಕ್ಷಿಸುವವರು ಅಲ್ಲಿರುತ್ತಾರೆ. ಅಂಡಾಕೃತಿಯ, ಹೊಳೆಯುವ ಒಂದೆರಡು ಬೀಜಾಣುಗಳು ಕಂಡರೆ ಸಾಕು, ಆ ಮೊಟ್ಟೆಗಳೆಲ್ಲ ಸುಡುವುದಕ್ಕೆ ಹೋಗುತ್ತವೆ. ಕಾಣದೆ ಹೋದರೆ, ರಾಮನಗರದ ಗೂಡಿನ ಮಾರುಕಟ್ಟೆಯವರೆಗಿನ ಸರಪಣಿಯೆಲ್ಲ ಆ ಕಣ್ಣಿನ ಪ್ರಾಮಾಣಿಕತೆಯನ್ನು ಆಶ್ರಯಿಸಿ ನಿಲ್ಲುತ್ತದೆ. ರೋಗವು ತಾಯಿಯಿಂದ ಮೊಟ್ಟೆಯ ಮೂಲಕ ಮರಿಗೆ ಹೋಗುವುದರಿಂದ ತಾಯಿಯನ್ನೇ ಪರೀಕ್ಷಿಸಬೇಕೆಂಬ ಈ ಉಪಾಯವನ್ನು 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಸೀಮೆಯಲ್ಲಿ ಕಂಡುಹಿಡಿದಾತನು ಲೂಯಿ ಪಾಶ್ಚರ್. ಆತನು ರಸಾಯನಶಾಸ್ತ್ರಜ್ಞನಾಗಿ ಅಲ್ಲಿಗೆ ಹೋಗಿದ್ದನು, ರೇಷ್ಮೆಹುಳುವಿನ ಗಂಧವೂ ಆತನಿಗಿರಲಿಲ್ಲ. ಒಂದೂವರೆ ಶತಮಾನ ಕಳೆದರೂ ಶಿಡ್ಲಘಟ್ಟದ ಹುಳುಮನೆಗಳು ಆತನ ಪರೀಕ್ಷೆಯನ್ನೇ ನೆಚ್ಚಿಕೊಂಡಿವೆ. ಇದು ಪತ್ರಿಕೆಗಳಲ್ಲಿ ಭಾವಚಿತ್ರ ಬರುವ ವೃತ್ತಿಯಲ್ಲ. ಆದರೆ ಸೂಕ್ಷ್ಮದರ್ಶಕದ ಮುಂದೆ ಕುಳಿತರೆ ಹೊತ್ತು ಹೋದುದೇ ತಿಳಿಯದೆಂಬ ಎಷ್ಟೋ ಮಂದಿ ಹುಡುಗಿಯರನ್ನು ನಾನು ಪ್ರಯೋಗಶಾಲೆಯಲ್ಲಿ ಕಂಡಿದ್ದೇನೆ; ಅಂಥವರಿಗೆ ರಕ್ತಪರೀಕ್ಷೆಯ ಪ್ರಯೋಗಾಲಯ, ಅಂಗಾಂಶ ಪರೀಕ್ಷೆ, ವರ್ಣತಂತುಗಳ ಪರೀಕ್ಷೆ, ನೀರು ಹಾಲು ಆಹಾರಗಳ ಪರೀಕ್ಷೆ, ಇವೆಲ್ಲವೂ ತೆರೆದಿವೆ.

ಒಂದು ಹಾದಿಯಲ್ಲಿ ಹೊರಟವನು ಬೇರೊಂದು ಊರನ್ನು ಸೇರುವುದೂ ಈ ಶಾಸ್ತ್ರದಲ್ಲಿ ಸಾಮಾನ್ಯವೇ. ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರವನ್ನು ಓದಿದ ಲಾಲ್‌ಜಿ ಸಿಂಗರು ಕಟ್ಟುಹಾವಿನ ಜಾತಿಯೊಂದರಲ್ಲಿ ಹೆಣ್ಣುಗಂಡುಗಳನ್ನು ನಿರ್ಣಯಿಸುವ ವರ್ಣತಂತುವನ್ನು ಪರಿಶೀಲಿಸಹೊರಟರು. ಆ ಹಾವಿನಲ್ಲಿ ದೊರೆತ ಡಿ.ಎನ್.ಎ. ತುಣುಕು ಮನುಷ್ಯರ ಡಿ.ಎನ್.ಎ.ಯಲ್ಲಿ ಒಬ್ಬರಿಂದ ಇನ್ನೊಬ್ಬರನ್ನು ಪ್ರತ್ಯೇಕಿಸಿ ಗುರುತಿಸಲು ಉಪಕರಣವಾಯಿತು. ಹೈದರಾಬಾದಿನ ಕೋಶೀಯ ಹಾಗೂ ಆಣ್ವಿಕ ಜೀವವಿಜ್ಞಾನ ಕೇಂದ್ರದಲ್ಲಿ ಅವರು ರೂಪಿಸಿದ ಆ ವಿಧಾನವು ನ್ಯಾಯಾಲಯಗಳಲ್ಲಿ ಸಾಕ್ಷ್ಯವಾಗಿ ನಿಂತಿತು. ಇಂದು ಅಪರಾಧಗಳ ವೈಜ್ಞಾನಿಕ ತನಿಖೆಯೇ ಒಂದು ಉದ್ಯೋಗಕ್ಷೇತ್ರವಾಗಿದೆ. ನೀರಿನಲ್ಲಿ ಸಿಕ್ಕಿದ ಶವವು ಮುಳುಗಿ ಸತ್ತುದೋ, ಸತ್ತ ಬಳಿಕ ಎಸೆಯಲ್ಪಟ್ಟುದೋ ಎಂಬುದನ್ನು ಮೂಳೆಯ ಮಜ್ಜೆಯಲ್ಲಿ ಡಯಾಟಮ್ ಎಂಬ ಶೈವಲಗಳಿವೆಯೇ ಎಂದು ನೋಡಿ ಊಹಿಸುವ ಪರೀಕ್ಷೆಯೊಂದುಂಟು. ಪಾಚಿಗಳನ್ನು ಓದಿದ ಸಸ್ಯಶಾಸ್ತ್ರದ ಪದವೀಧರನು ಕೊಲೆಯ ಮೊಕದ್ದಮೆಯಲ್ಲಿ ಕರೆಗೆ ಬರುವುದು ಹೀಗೆ. ಇನ್ನು ವಾಣಿಜ್ಯದ ಕಡೆ ನೋಡಿದರೆ, ಬೆಂಗಳೂರು ವಿಶ್ವವಿದ್ಯಾಲಯದಿಂದ 1973ರಲ್ಲಿ ಪ್ರಾಣಿಶಾಸ್ತ್ರದ ಪದವಿ ಪಡೆದ ಕಿರಣ್ ಮಜುಂದಾರ್ ಅವರು ಆಸ್ಟ್ರೇಲಿಯಕ್ಕೆ ಹೋಗಿ ಬಿಯರ್ ತಯಾರಿಕೆಯ ವಿದ್ಯೆಯನ್ನು ಕಲಿತು ಬಂದರು; ಹೆಂಗಸಿಗೆ ಬಿಯರ್ ತಯಾರಿಕೆಯ ಹುದ್ದೆಯನ್ನು ಕೊಡಲು ಇಲ್ಲಿ ಯಾರೂ ಮುಂದೆ ಬರಲಿಲ್ಲ; 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಬಯೋಕಾನನ್ನು ಆರಂಭಿಸಿ, ಪರಂಗಿಕಾಯಿಯ ಹಾಲಿನಿಂದ ಪಪೇನ್ ಎಂಬ ಕಿಣ್ವವನ್ನೂ, ಮೀನಿನ ಗಾಳಿಚೀಲದಿಂದ ಬಿಯರನ್ನು ತಿಳಿಗೊಳಿಸುವ ದ್ರವ್ಯವನ್ನೂ ತೆಗೆದು ಮಾರಿದರು. ಇನ್ಸುಲಿನ್ ಮೊದಲಾದುವು ಆಮೇಲೆ ಬಂದವು. ಎಲ್ಲರೂ ಹೀಗಾಗುವರೆಂದು ನಾನು ಹೇಳುವುದಿಲ್ಲ. ಒಬ್ಬರ ಯಶಸ್ಸನ್ನು ಹತ್ತು ಸಾವಿರ ಜನರಿಗೆ ಮಾದರಿಯೆಂದು ತೋರಿಸುವ ಭಾಷಣಕಾರರ ಬಗ್ಗೆ ನನಗೆ ಆದರವಿಲ್ಲ. ಕಿಣ್ವವೆಂಬುದು ಪಠ್ಯದ ವ್ಯಾಖ್ಯೆಯಷ್ಟೇ ಅಲ್ಲದೆ ಕ್ರಯವಿಕ್ರಯದ ವಸ್ತುವೂ ಆಗಬಲ್ಲುದೆಂಬುದನ್ನು ತೋರಿಸಲು ಇದನ್ನು ಹೇಳಿದೆನು.

ಶುದ್ಧ ಸಂಶೋಧನೆಯ ಆಕರ್ಷಣೆ ನಿಮ್ಮಲ್ಲಿ ಕೆಲವರಿಗಾದರೂ ಇದ್ದೇ ಇರುತ್ತದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದಿದ ರಾಘವೇಂದ್ರ ಗದಗ್ಕರ್ ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ರೊಪಾಲಿಡಿಯ ಮಾರ್ಜಿನೇಟ ಎಂಬ ಕಣಜವನ್ನು ಅಭ್ಯಸಿಸಿದರು. ನಮ್ಮ ಕಿಟಕಿಗಳ ಮೂಲೆಯಲ್ಲಿ ಕಾಗದದಂಥ ಗೂಡು ಕಟ್ಟುವ ಹುಳುವೇ ಅದು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆಯಿಟ್ಟು ಗುರುತು ಮಾಡಿ, ಗಂಟೆಗಟ್ಟಲೆ ಗೂಡಿನ ಮುಂದೆ ಕುಳಿತು ನೋಡಿದರೆ, ಆ ಗೂಡಿನ ರಾಣಿಯು ಅತ್ಯಂತ ಸಾಧುಸ್ವಭಾವದವಳಾಗಿರುವುದೂ, ರಾಣಿಯನ್ನು ತೆಗೆದ ಕೂಡಲೆ ದಾಸಿಯರಲ್ಲೊಬ್ಬಳು ಒಮ್ಮೆಲೇ ಉಗ್ರಳಾಗಿ, ಕೆಲವು ದಿನಗಳಲ್ಲಿ ತಾನೇ ರಾಣಿಯಾಗಿ ಮತ್ತೆ ಶಾಂತಳಾಗುವುದೂ ಕಾಣುತ್ತದೆ. ಇಂಥ ಶೋಧನೆಗೆ ಕೋಟಿ ರೂಪಾಯಿಯ ಯಂತ್ರ ಬೇಡ. ನೋಡುವ ಕಣ್ಣು, ಪ್ರಶ್ನೆಯನ್ನು ಸರಿಯಾಗಿ ಕೇಳುವ ಬುದ್ಧಿ, ಬರೆದಿಡುವ ಶಿಸ್ತು ಬೇಕು. ಆದರೆ ಈ ದಾರಿಯ ಕಷ್ಟವನ್ನು ಮುಚ್ಚಿಟ್ಟರೆ ನಾನು ನಿಮಗೆ ದ್ರೋಹ ಬಗೆದಂತಾಗುತ್ತದೆ. ಎಂ.ಎಸ್ಸಿ. ಆದ ಮೇಲೆ ಪಿಎಚ್.ಡಿ.ಗೆ ಐದಾರು ವರ್ಷಗಳು ಹಿಡಿಯುತ್ತವೆ. ಕೇಂದ್ರದ ಅರ್ಹತಾ ಪರೀಕ್ಷೆಯನ್ನು ಗೆದ್ದವರಿಗೆ 2023ರಿಂದೀಚೆಗೆ ತಿಂಗಳಿಗೆ 37,000 ರೂಪಾಯಿಯ ಶಿಷ್ಯವೇತನವಿದೆ, ಗೆಲ್ಲದವರು ಅಲ್ಪ ವೇತನದ ಪ್ರಾಜೆಕ್ಟ್ ಅಸಿಸ್ಟೆಂಟ್ ಹುದ್ದೆಗಳಲ್ಲಿ ಯೋಜನೆಯ ಅವಧಿ ಮುಗಿಯುವವರೆಗೆ ದುಡಿದು ಮತ್ತೊಂದು ಯೋಜನೆಯನ್ನು ಹುಡುಕಬೇಕು. ಪಿಎಚ್.ಡಿ. ಮುಗಿದ ಮೇಲೂ ಕಾಯಂ ಹುದ್ದೆ ಕೈಗೆ ಬರುವ ಹೊತ್ತಿಗೆ ಓರಗೆಯ ಗೆಳೆಯರ ಮಕ್ಕಳು ಶಾಲೆಗೆ ಹೋಗುತ್ತಿರುತ್ತಾರೆ. ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರೆಂಬ ಹೆಸರಿನಿಂದ ನಡೆಯುವ ದುಡಿಮೆಯಲ್ಲಿ ಅತಿಥಿಸತ್ಕಾರದ ಲಕ್ಷಣವೇನೂ ನನಗೆ ಕಂಡಿಲ್ಲ. ಇಷ್ಟನ್ನು ತಿಳಿದೂ ಈ ದಾರಿಯನ್ನು ಹಿಡಿಯುವವರು ಹಿಡಿಯಲಿ. ತಿಳಿಯದೆ ಹಿಡಿಯುವುದು ಬೇಡ.

ಪದವಿಯ ಹೆಸರಿನಿಂದ ಮೋಸಹೋಗಬೇಡಿರೆಂದು ಮೊದಲೇ ಹೇಳಿದೆನಷ್ಟೆ. ಕರ್ನಾಟಕವು 2001ರಲ್ಲಿ ಜೈವಿಕ ತಂತ್ರಜ್ಞಾನದ ನೀತಿಯನ್ನು ಘೋಷಿಸಿದ ಮೇಲಣ ವರ್ಷಗಳಲ್ಲಿ ಬಯೋಟೆಕ್ನಾಲಜಿ ಎಂಬ ಹೆಸರು ಮಂತ್ರದಂತೆ ಮೊಳಗಿತು. ಸಸ್ಯಶಾಸ್ತ್ರ ಪ್ರಾಣಿಶಾಸ್ತ್ರಗಳನ್ನು ಮೂಲೆಗೊತ್ತಿ, ಒಂದು ಸಲಕರಣೆಯನ್ನೂ ಕೊಳ್ಳದೆ, ಕಾಲೇಜುಗಳು ಆ ಹೆಸರಿನ ತರಗತಿಗಳನ್ನು ತೆರೆದವು. ಪೈಪೆಟ್ಟನ್ನು ಕೈಯಲ್ಲಿ ಹಿಡಿಯದ ಪದವೀಧರರು ಹೊರಬಂದು ಉದ್ಯೋಗವಿಲ್ಲವೆಂದು ಶಾಸ್ತ್ರವನ್ನು ಶಪಿಸಿದರು. ಶಾಸ್ತ್ರದ ತಪ್ಪೇನು? ಈಗ ಅವರ ತಮ್ಮಂದಿರು ಬೆಂಗಳೂರಿನ ಕಚೇರಿಗಳಲ್ಲಿ ಮೆಡಿಕಲ್ ಕೋಡಿಂಗ್ ಮಾಡುತ್ತಾರೆ, ಔಷಧಗಳ ದುಷ್ಪರಿಣಾಮದ ವರದಿಗಳನ್ನು ಕ್ರಮಪಡಿಸುತ್ತಾರೆ, ಔಷಧ ಪ್ರಯೋಗಗಳ ದಾಖಲೆಗಳನ್ನು ಕಾಯುತ್ತಾರೆ. ಇವು ಮರ್ಯಾದೆಯ ಕೆಲಸಗಳೇ. ತಿಂಗಳ ಕೊನೆಗೆ ಸಂಬಳ ಬರುತ್ತದೆ, ಮನೆ ನಡೆಯುತ್ತದೆ. ಆದರೆ ಜೀವಂತವಾದ ಯಾವುದನ್ನೂ ಅಲ್ಲಿ ನೋಡಸಿಗುವುದಿಲ್ಲವೆಂಬುದನ್ನು ಮೊದಲೇ ತಿಳಿದು ಹೋಗಿರಿ.

ಗಣಿತಕ್ಕೆ ಹೆದರಿ ಜೀವಶಾಸ್ತ್ರಕ್ಕೆ ಬಂದವರು ನಿಮ್ಮಲ್ಲಿ ಬಹಳ ಮಂದಿ ಇರುವಿರಿ. ಆ ಆಶ್ರಯವು ಈಗ ಉಳಿದಿಲ್ಲ. ಮಂಗನ ಕಾಯಿಲೆಯ ನಕ್ಷೆಯಾಗಲಿ, ರಾಗಿಯ ತಳಿಪರೀಕ್ಷೆಯಾಗಲಿ, ಜೀನುಗಳ ಅಕ್ಷರಮಾಲೆಯಾಗಲಿ, ಸಂಖ್ಯಾಶಾಸ್ತ್ರವಿಲ್ಲದೆ ನಡೆಯುವುದಿಲ್ಲ. ಗಣಕಕ್ಕೆ ಆಜ್ಞೆ ಬರೆಯಬಲ್ಲ ಜೀವಶಾಸ್ತ್ರಜ್ಞನಿಗೆ ಇಂದು ಇರುವ ಬೇಡಿಕೆಯು ಬೇರೆ ಯಾರಿಗೂ ಇಲ್ಲವೆಂದರೆ ಅತ್ಯುಕ್ತಿಯಾಗದು. ಅದರಂತೆಯೇ ಭಾಷೆ. ಆರ್ಕಿಡ್‌ಗಳ ಭ್ರೂಣಶಾಸ್ತ್ರದಲ್ಲಿ ಲೋಕಮಾನ್ಯರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು, ಶಿಷ್ಯರನ್ನು ಕಟ್ಟಿಕೊಂಡು ಕಾಡುಮೇಡು ಅಲೆದ ಅನುಭವಗಳನ್ನು ‘ಹಸುರು ಹೊನ್ನು’ ಎಂಬ ಗ್ರಂಥದಲ್ಲಿ ಬರೆದು, 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಸಸ್ಯಶಾಸ್ತ್ರಕ್ಕೆ ತಂದುಕೊಟ್ಟರು. ಕಾಲೇಜು ಶಿಕ್ಷಣವನ್ನು ಅರ್ಧಕ್ಕೆ ಬಿಟ್ಟ ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಕನ್ನಡಿಗರ ಕೈಗಿಟ್ಟರು. ಬರವಣಿಗೆಯನ್ನೇ ವೃತ್ತಿಯಾಗಿ ನೆಚ್ಚಿಕೊಳ್ಳಿರೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಆದರೆ ರೈತನಿಗೋ ರೋಗಿಗೋ ತಾಯ್ನುಡಿಯಲ್ಲಿ ನಾಲ್ಕು ವಾಕ್ಯಗಳನ್ನು ಸ್ಫುಟವಾಗಿ ಹೇಳಬಲ್ಲ ಜೀವವಿಜ್ಞಾನಿಯು ಕೃಷಿ ಇಲಾಖೆಗೂ ಬೇಕು, ಆಸ್ಪತ್ರೆಯಲ್ಲಿ ಅನುವಂಶಿಕ ರೋಗಗಳ ಸಲಹೆ ನೀಡುವ ವಿಭಾಗಕ್ಕೂ ಬೇಕು, ಅರಣ್ಯ ಇಲಾಖೆಗೂ ಬೇಕು.

ಇನ್ನು ಮಾಡಬೇಕಾದುದೇನು? ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗಗಳಲ್ಲಿ ಕೃಷಿ ವಿಶ್ವವಿದ್ಯಾಲಯಗಳಿವೆ; ಬಾಗಲಕೋಟೆಯಲ್ಲಿ ತೋಟಗಾರಿಕೆಯದು, ಬೀದರಿನಲ್ಲಿ ಪಶುವೈದ್ಯ ಮತ್ತು ಮೀನುಗಾರಿಕೆಯದು. 1969ರಲ್ಲಿ ಮಂಗಳೂರಿನಲ್ಲಿ ಆರಂಭವಾದ ಮೀನುಗಾರಿಕೆ ಕಾಲೇಜು ದೇಶದಲ್ಲಿಯೇ ಮೊದಲನೆಯದು. ಅರಣ್ಯಶಾಸ್ತ್ರಕ್ಕೆ ಶಿರಸಿಯೂ ಪೊನ್ನಂಪೇಟೆಯೂ ಉಂಟು. ರೈತರ ಮಕ್ಕಳಾದರೆ ಕೃಷಿ ಕೋಟಾದ ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ ಗೊಬ್ಬರ ಸಲಕರಣೆಗಳನ್ನು ಗುರುತಿಸಬೇಕಾಗುತ್ತದೆ. ಅಪ್ಪನೊಡನೆ ಹೊಲಕ್ಕೆ ಹೋದುದು ಅಲ್ಲಿ ಉಪಯೋಗಕ್ಕೆ ಬರುತ್ತದೆ. ಆಹಾರವಿಜ್ಞಾನದಲ್ಲಿ ಆಸಕ್ತಿಯಿದ್ದವರು 1950ರಲ್ಲಿ ಮೈಸೂರಿನ ಚೆಲುವಾಂಬ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದ ಕಡೆಗೆ ಕಣ್ಣಿಟ್ಟಿರಲಿ. ಬರಿಯ ಬಿ.ಎಸ್ಸಿ.ಗೆ ಸೇರುವವರು ಕಾಲೇಜಿನ ಕಟ್ಟಡವನ್ನು ನೋಡದೆ ಅದರ ಪ್ರಯೋಗಶಾಲೆಯನ್ನು ನೋಡಿ ಸೇರಬೇಕು. ಸೂಕ್ಷ್ಮದರ್ಶಕಗಳ ಮೇಲೆ ಧೂಳು ಕುಳಿತಿದ್ದರೆ ಬೇರೆ ಕಾಲೇಜನ್ನು ಹುಡುಕುವುದು ಲೇಸು.

ಅರ್ಜಿ ತುಂಬುವ ಮೊದಲು ಒಂದು ಕೆಲಸವನ್ನು ತಪ್ಪದೆ ಮಾಡಿರಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಬಿತ್ತನೆ ಕೋಠಿಗೋ, ಪಶು ಆಸ್ಪತ್ರೆಗೋ, ಹಾಲಿನ ಡೇರಿಯ ಪ್ರಯೋಗಾಲಯಕ್ಕೋ ಒಂದು ದಿನ ಹೋಗಿ, ಅಲ್ಲಿ ದುಡಿಯುವವರನ್ನು ಮಾತಾಡಿಸಿರಿ. ಮೇಲಧಿಕಾರಿಯನ್ನು ಬಿಟ್ಟು ಕೆಲಸಕ್ಕೆ ಸೇರಿ ಮೂರು ನಾಲ್ಕು ವರ್ಷವಾದ ಕಿರಿಯರನ್ನು ಕೇಳಿದರೆ ಉತ್ತರವು ನೇರವಾಗಿ ಬರುತ್ತದೆ. ಬೆಳಗ್ಗೆ ಬಂದೊಡನೆ ಏನು ಮಾಡುತ್ತೀರಿ, ದಿನದ ಯಾವ ಭಾಗ ಬೇಸರ ತರುತ್ತದೆ, ಓದಿದುದರಲ್ಲಿ ಯಾವುದು ಉಪಯೋಗಕ್ಕೆ ಬಂದಿತು, ಯಾವುದನ್ನು ಓದದೆ ಬಂದು ಪಶ್ಚಾತ್ತಾಪಪಟ್ಟಿರಿ ಎಂದು ಕೇಳಿರಿ. ಸಂಬಳವೆಷ್ಟೆಂದು ಕೇಳುವುದಕ್ಕೂ ಸಂಕೋಚಪಡಬೇಕಾಗಿಲ್ಲ; ಮನೆಗೆ ಹಿಂದಿರುಗಿದೊಡನೆ ನಿಮ್ಮ ತಂದೆಯವರು ಮೊದಲು ಕೇಳುವ ಪ್ರಶ್ನೆಯೇ ಅದಾಗಿರುತ್ತದೆ.

ಇತಿ ನಿಮ್ಮ ಹಿತೈಷಿ,
ನಿವೃತ್ತ ಸಸ್ಯಶಾಸ್ತ್ರ ಅಧ್ಯಾಪಕ